ಟೇಪು ಕತ್ತರಿಸುವ ಮೊದಲು

ನಮ್ಮ ಶಾಸಕರ ರಾಜಕೀಯ ಜೀವನವನ್ನು ನಾನು ವಿಶೇಷಣಗಳ ಮೂಲಕ ಬಲ್ಲೆ. ನಾನು ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸುವವಳು. ದನಿ ಚೆನ್ನಾಗಿದೆ ಎಂಬ ಒಂದೇ ಅಪರಾಧಕ್ಕೆ, ಹುಬ್ಬಳ್ಳಿಯಲ್ಲಿ ಎಲ್ಲಿ ವೇದಿಕೆ ಕಟ್ಟಿದರೂ ನಿರೂಪಣೆಗೆ ನನ್ನನ್ನೇ ಹಿಡಿದು ತರುತ್ತಾರೆ. ಶಾಸಕರು ದುರ್ಗದಬೈಲಿನಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡು ಗಣಪತಿ ಪೆಂಡಾಲಿಗೆ ಚಂದಾ ಪಟ್ಟಿ ಎತ್ತುತ್ತಿದ್ದ ಕಾಲಕ್ಕೆ ಅವರನ್ನು ‘ಉತ್ಸಾಹಿ ತರುಣ’ ಎಂದು ಮೈಕಿನಲ್ಲಿ ಕರೆದವಳು ನಾನೇ. ಪಾಲಿಕೆಗೆ ಆರಿಸಿ ಬಂದಾಗ ‘ಯುವ ನಾಯಕ’ರಾದರು. ವಿಧಾನಸಭೆಗೆ ಹೋದ ಮೇಲೆ ‘ಅಭಿವೃದ್ಧಿಯ ಹರಿಕಾರ’. ಪಕ್ಷ ಬಿಟ್ಟು ಇನ್ನೊಂದು ಪಕ್ಷ ಸೇರಿದಾಗ ‘ತತ್ವನಿಷ್ಠ’. ಅಲ್ಲಿ ಮಂತ್ರಿಗಿರಿ ಸಿಗದೆ ಮೊದಲಿನ ಪಕ್ಷಕ್ಕೇ ಮರಳಿದಾಗ ‘ಅಚಲ ನಿಷ್ಠೆಯ’ ಎಂದೂ ಓದಿದೆ. ಓದುವಾಗ ನಗು ತಡೆಯಲು ಕೆಮ್ಮಿದೆ. ತಲೆ ಬೋಳಾಗಿ ಹೊಟ್ಟೆ ಮುಂದೆ ಬಂದರೂ ‘ಯುವ’ ಮಾತ್ರ ಉಳಿದೇ ಇತ್ತು. ಒಮ್ಮೆ ನಾನದನ್ನು ಬಿಟ್ಟು ಓದಿದ್ದಕ್ಕೆ ಅವರ ಆಪ್ತ ಸಹಾಯಕ ಓಡಿ ಬಂದಿದ್ದ.

“ಅಕ್ಕೋರ, ‘ಯುವ’ ತಗೀಬ್ಯಾಡ್ರಿ. ಸಾಹೇಬ್ರು ಭಾಳ ಬ್ಯಾಸರ ಮಾಡ್ಕೋತಾರ.”

ಇಷ್ಟೆಲ್ಲ ಹೊಗಳಿದ್ದು ಪ್ರೀತಿಗಲ್ಲ, ನನಗೆ ಶೌಚಾಲಯ ಬೇಕಿತ್ತು. ಊರಿನ ಅಂಚಿನಲ್ಲಿರುವ ನಮ್ಮ ಶಾಲೆಯಲ್ಲಿ ಹುಡುಗಿಯರ ಶೌಚಾಲಯ ಕುಸಿದು ಬಿದ್ದು ವರ್ಷಗಳಾಗಿದ್ದವು. ಶಿಕ್ಷಕಿಯರಾದ ನಾವು ಪಕ್ಕದ ಮನೆಯವರ ಬಾಗಿಲು ಬಡಿಯುತ್ತಿದ್ದೆವು. ಹುಡುಗಿಯರು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂತು, ಮಧ್ಯಾಹ್ನ ಊಟವಾದೊಡನೆ ಚೀಲ ಎತ್ತಿಕೊಂಡು ಮನೆಗೆ ಹೋಗಿಬಿಡುತ್ತಿದ್ದರು. ಮುಟ್ಟಿನ ದಿನಗಳಲ್ಲಂತೂ ಶಾಲೆಯ ಕಡೆ ತಲೆಯನ್ನೇ ಹಾಕುತ್ತಿರಲಿಲ್ಲ. ಏಳನೆಯ ತರಗತಿ ಮುಗಿಯುವ ಹೊತ್ತಿಗೆ ಕೆಲವರು ಶಾಲೆಯನ್ನೇ ಬಿಟ್ಟರು. ಇದನ್ನು ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಪ್ರತಿ ಕಾರ್ಯಕ್ರಮ ಮುಗಿದ ಮೇಲೂ ಶಾಸಕರ ಹಿಂದೆ ಬಿದ್ದು ಹೇಳುತ್ತಿದ್ದೆ.

“ನಿಮ್ಮ ಕೆಲಸ ಅಂದ್ರ ನನ್ನ ಕೆಲಸರಿ ಅಕ್ಕೋರ. ಆತು ಅಂತ ತಿಳ್ಕೋರಿ,” ಎನ್ನುತ್ತಿದ್ದರು. ನಾನು ಎಷ್ಟೋ ವರ್ಷ ಆತು ಅಂತಲೇ ತಿಳಿದುಕೊಂಡೆ.

ಕೊನೆಗೊಮ್ಮೆ ನಿಜವಾಗಿಯೂ ಕಟ್ಟಿದರು. ಬಿಳಿ ಟೈಲ್ಸು, ನಲ್ಲಿ, ಒಳಗಿನಿಂದ ಹಾಕಿಕೊಳ್ಳುವ ಗಟ್ಟಿ ಚಿಲಕ, ಎಲ್ಲ ಇತ್ತು. ಕಟ್ಟಿ ಮುಗಿಸಿ ಹೊರಗಿನಿಂದ ಬೀಗ ಹಾಕಿದರು. ಉದ್ಘಾಟನೆ ಆಗದೆ ತೆಗೆಯಲು ಅಧಿಕಾರಿಗಳಿಗೆ ಭಯ.

ಈ ಭಯಕ್ಕೂ ಶಾಸಕರೇ ಕಾರಣ. ಹಿಂದೆ ಗೋಕುಲ ರಸ್ತೆಯ ಕಡೆ ಯಾವುದೋ ಸಣ್ಣ ಉದ್ಯಾನವನ್ನು ಅವರನ್ನು ಕರೆಯದೆ ತೆರೆದಿದ್ದರು. ಶಿಷ್ಟಾಚಾರ ಉಲ್ಲಂಘನೆಯಾಯಿತು, ತಮ್ಮ ಹಕ್ಕುಚ್ಯುತಿಯಾಯಿತು ಎಂದು ಸದನದಲ್ಲಿ ಅವರು ಆಕಾಶ ಭೂಮಿ ಒಂದು ಮಾಡಿದರು. ಕ್ಷೇತ್ರಕ್ಕೆ ನೀರು ಬೇಕೆಂದು ಅವರು ಅಷ್ಟು ಕೂಗಿದ್ದನ್ನು ನಾನು ಕೇಳಿಲ್ಲ. ಉದ್ಯಾನ ತೆರೆದ ಅಧಿಕಾರಿ ಬೀದರಿನ ಕಡೆ ವರ್ಗವಾದ. ಆಮೇಲೆ ನಮ್ಮಲ್ಲಿ ಯಾವ ಅಧಿಕಾರಿಯೂ ಜನಪ್ರತಿನಿಧಿಗಳಿಲ್ಲದೆ ಒಂದು ನಲ್ಲಿ ತಿರುವಲೂ ಹೆದರುತ್ತಿದ್ದ. ನಮ್ಮ ಶೌಚಾಲಯಕ್ಕೆ ಶಾಸಕರ ಜೊತೆ ಸಂಸದರೂ ಬರಬೇಕಿತ್ತು. ಇಬ್ಬರದೂ ಬೇರೆ ಬೇರೆ ಪಕ್ಷ. ಇವರಿಗೆ ಬಿಡುವಾದ ದಿನ ಅವರು ದೆಹಲಿಯಲ್ಲಿ, ಅವರು ಊರಿಗೆ ಬಂದರೆ ಇವರು ಬೆಂಗಳೂರಿನಲ್ಲಿ. ಬೀಗದ ಕೈ ಇಂಜಿನಿಯರನ ಜೇಬಿನಲ್ಲಿ. ಹೀಗೆ ಅರ್ಧ ಶಾಲಾ ವರ್ಷ ಕಳೆಯಿತು.

ಅಂತೂ ದಿನ ಕೂಡಿ ಬಂತು. ಶಾಸಕರು ಹೇಳಿದ ವೇಳೆಗೇ ಬಂದರು, ಅದೇ ಒಂದು ಸುದ್ದಿ. ಬೆಳಿಗ್ಗೆಯಿಂದ ಹೋದಲ್ಲೆಲ್ಲ ಚಹಾ ಕುಡಿದು ಬಂದಿದ್ದರು. ನಮ್ಮ ಮುಖ್ಯೋಪಾಧ್ಯಾಯರು ಭಕ್ತಿಯಿಂದ ಎಳನೀರು ಕೊಟ್ಟರು, ಅದನ್ನೂ ಕುಡಿದರು. ಸಕ್ಕರೆ ಕಾಯಿಲೆ ಬೇರೆ. ಸಂಸದರ ಕಾರು ಗಬ್ಬೂರ ಬೈಪಾಸಿನ ಹತ್ತಿರ ಲಾರಿಗಳ ನಡುವೆ ಸಿಕ್ಕಿಬಿದ್ದಿದೆ ಎಂಬ ಸುದ್ದಿ ಬಂತು.

ಶಾಸಕರು ಕಾಲ ಮೇಲೆ ಕಾಲು ಹಾಕಿದರು. ತೆಗೆದರು. ಮತ್ತೆ ಹಾಕಿದರು. ಹಣೆಯ ಮೇಲೆ ಬೆವರು ಮೂಡಿತು. ಆಪ್ತ ಸಹಾಯಕ ನನ್ನ ಕಿವಿಯಲ್ಲಿ, “ಅಕ್ಕೋರ, ಸಾಹೇಬ್ರಿಗೆ ಜರಾ ಹೋಗೂದೈತ್ರಿ,” ಎಂದ. ಹೋಗುವುದೆಲ್ಲಿಗೆ? ಪಕ್ಕದ ಮನೆಯವರು ಅಂದು ಊರಲ್ಲಿರಲಿಲ್ಲ. ಹುಡುಗರು, ಗಂಡಸರು ಹೋಗುತ್ತಿದ್ದ ಕಾಂಪೌಂಡ್ ಗೋಡೆಯ ಸುತ್ತ ಜನ ಮೊಬೈಲ್ ಎತ್ತಿ ಹಿಡಿದು ನಿಂತಿದ್ದರು. ಇದ್ದದ್ದೊಂದೇ ಶೌಚಾಲಯ, ಅದೂ ಕೆಂಪು ಟೇಪಿನ ಹಿಂದೆ. ಶಾಸಕರು ಇಂಜಿನಿಯರನನ್ನು ಕರೆದರು.

“ಲಗೂ ಕೀಲಿ ತಗೀರಿ.”

“ಸಂಸದರು ಬರೂತನಕ ತಗಿಯಾಕ ಬರಂಗಿಲ್ರಿ ಸಾಹೇಬ್ರ. ಶಿಷ್ಟಾಚಾರ ಉಲ್ಲಂಘನೆ ಆಗತೈತ್ರಿ.”

“ಅಲ್ರೀ, ಈ ಶಿಷ್ಟಾಚಾರದ ಲಫಡಾ ಯಾರ್ ಹಚ್ಚಿದ್ರು?”

ಇಂಜಿನಿಯರ್ ನೆಲ ನೋಡುತ್ತ, “ತಾವ ಅಲ್ರೀ ಸಾಹೇಬ್ರ,” ಎಂದ.

ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಮೈಕ್ ಹಿಡಿದು ಸ್ವಾಗತ ಶುರುಮಾಡಿದೆ. ಇದ್ದ ವಿಶೇಷಣಗಳನ್ನೆಲ್ಲ ಒಂದೊಂದಾಗಿ, ನಿಧಾನವಾಗಿ, ನಡುವೆ ಚಪ್ಪಾಳೆಗೆ ಪುರಸೊತ್ತು ಕೊಟ್ಟು ಓದಿದೆ. ಶಾಸಕರು ಜೀವನದಲ್ಲಿ ಮೊದಲ ಸಲ, “ಸಾಕ್ ಬಿಡ್ರಿ ಅಕ್ಕೋರ,” ಎಂದರು. ಹಾಗೇ ಓದುತ್ತಿದ್ದವಳು ತಲೆ ಎತ್ತಿ ಸಭೆಯ ಮುಂದಿನ ಸಾಲಿನತ್ತ ನೋಡಿದೆ. ಹುಡುಗಿಯರು ಬೆಳಗಿನಿಂದ ಅಲ್ಲೇ ಚಾಪೆಯ ಮೇಲೆ ಕೂತಿದ್ದರು, ಮೊಣಕಾಲು ಬಿಗಿಯಾಗಿ ಜೋಡಿಸಿಕೊಂಡು. ಅವರ ಮುಖದಲ್ಲೂ ಅದೇ ಬೆವರು. ನನ್ನ ಮೋಜು ಅಲ್ಲಿಗೆ ಇಳಿದುಹೋಯಿತು.

ಕೈಯಲ್ಲಿದ್ದ ಹಾಳೆ ಮಡಚಿದೆ. “ಈಗ ಮಾನ್ಯ ಶಾಸಕರು ಶೌಚಾಲಯವನ್ನು ಉದ್ಘಾಟಿಸಿ, ಈ ಕ್ಷಣದಿಂದಲೇ ನಮ್ಮ ವಿದ್ಯಾರ್ಥಿನಿಯರಿಗೆ ಒಪ್ಪಿಸುತ್ತಾರೆ,” ಎಂದುಬಿಟ್ಟೆ.

ಮೊಬೈಲುಗಳೆಲ್ಲ ಬಾಗಿಲ ಕಡೆ ತಿರುಗಿದವು. ಇಂಜಿನಿಯರ್ ಗೇಟಿನ ಕಡೆ ನೋಡುತ್ತ ಬೀಗ ತೆಗೆದ. ಶಾಸಕರು ಟೇಪು ಕತ್ತರಿಸಿದ್ದು ಯಾವ ಫೋಟೋದಲ್ಲೂ ಸರಿಯಾಗಿ ಬರಲಿಲ್ಲ, ಅಷ್ಟು ಅವಸರ. ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಕಾರ್ಯಕರ್ತರು ಹೊರಗೆ ಚಪ್ಪಾಳೆ ತಟ್ಟುತ್ತಲೇ ಇದ್ದರು. ಹೊರಬಂದ ಶಾಸಕರು ಮೈಕ್ ಹತ್ತಿರ ನಿಂತು, “ಇದು ಭಾಳ ಜರೂರ ಇತ್ತು,” ಎಂದಷ್ಟೇ ಹೇಳಿ ಕೂತರು. ನಾನು ಅವರ ಬಾಯಿಂದ ಕೇಳಿದ ಒಂದೇ ಒಂದು ಖರೇ ಮಾತು ಅದು.

ಅಷ್ಟರಲ್ಲಿ ಸಂಸದರ ಕಾರು ಗೇಟಿಗೆ ಬಂತು. ಆಪ್ತ ಸಹಾಯಕ ಹೊಸ ಟೇಪು ಹಿಡಿದು, ಇಂಜಿನಿಯರ್ ಬೀಗ ಹಿಡಿದು ಬಾಗಿಲಿಗೆ ಓಡಿದರು. ಅಲ್ಲಿ ಹುಡುಗಿಯರ ಸಾಲು ಆಗಲೇ ಮೆಟ್ಟಿಲು ದಾಟಿ ಅಂಗಳದವರೆಗೆ ಬೆಳೆದಿತ್ತು. ಮುಂದೆ ನಿಂತಿದ್ದ ಏಳನೆಯ ತರಗತಿಯ ಹುಡುಗಿ ಬಾಗಿಲಿಗೆ ಕೈ ಅಡ್ಡ ಇಟ್ಟಳು.

“ಒಳಗ ಅದಾರ್ರಿ ಸರ್. ಪಾಳಿ ಐತಿ.”

ಸಂಸದರು ಹಾರ ಹಾಕಿಸಿಕೊಂಡು ನಿಂತರು. ಶಾಸಕರು ಕುರ್ಚಿಯಲ್ಲಿ ಹಾಯಾಗಿ ಕೂತು ಬೇರೆಲ್ಲೋ ನೋಡಿದರು. ಸಂಜೆ ಶಾಲೆ ಬಿಡುವವರೆಗೂ ಇಂಜಿನಿಯರ್ ಬೀಗ ಕೈಯಲ್ಲೇ ಹಿಡಿದುಕೊಂಡಿದ್ದ. ಹಾಕಲು ಬಾಗಿಲು ಒಮ್ಮೆಯೂ ಖಾಲಿ ಸಿಗಲಿಲ್ಲ.