ಗಂಬೂಟಿನವನ ಅರ್ಧ ಕತೆ

ನಮ್ಮಪ್ಪನೂ ದೊಡ್ಡಪ್ಪನೂ ಮಾತು ಬಿಟ್ಟದ್ದು ಕೆರೆ ನೀರಿಗೆ. ಆದರೆ ಆ ಮುನಿಸು ಇಷ್ಟು ವರ್ಷ ಗಟ್ಟಿಯಾಗಿ ನಿಂತದ್ದು ಪೇಪರಿನಲ್ಲಿ ಬರುತ್ತಿದ್ದ ಒಂದು ಚಿತ್ರಕಥೆಯಿಂದ ಎಂದರೆ ನನ್ನ ಗಂಡನೇ ನಂಬುವುದಿಲ್ಲ. ದೊಡ್ಡವರು ಅಂಥದ್ದಕ್ಕೆಲ್ಲ ಜಗಳ ಆಡುತ್ತಾರಾ ಎಂದು ನಗುತ್ತಾನೆ. ಅವನು ಅರಸೀಕೆರೆ ಕಡೆಯ ತೆಂಗಿನ ಸೀಮೆಯವನು, ನನ್ನನ್ನು ಮದುವೆಯಾಗಿ ಈ ಬೆಟ್ಟಕ್ಕೆ ಬಂದವನು. ಹೆತ್ತೂರು ಕಡೆಯ ಕಾಫಿ ಬೆಳೆಗಾರರ ಹಟ ಅವನಿಗೇನು ಗೊತ್ತು?

ಆಗ ಪೇಪರು ಸಕಲೇಶಪುರದಿಂದ ಬಸ್ಸಿನಲ್ಲಿ ಹೆತ್ತೂರಿಗೆ ಬರುತ್ತಿತ್ತು. ಅಲ್ಲಿಂದ ಮನೆಗೆ ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ತರುವಷ್ಟರಲ್ಲಿ ಮಧ್ಯಾಹ್ನದ ಊಟ ಮುಗಿದಿರುತ್ತಿತ್ತು. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ಮೂರ್ನಾಲ್ಕು ದಿನದ್ದು ಒಟ್ಟಿಗೇ ಬರುತ್ತಿತ್ತು, ಒದ್ದೆಯಾಗಿ, ಮಸಿ ಬಿಟ್ಟುಕೊಂಡು. ಅದನ್ನು ಒಲೆಯ ಹತ್ತಿರ ಹರಡಿ ಒಣಗಿಸಿ ಓದುತ್ತಿದ್ದರು. ಓದುವುದು ಅಂದರೆ ಮೊದಲು ಚಿತ್ರಕಥೆ. ಕಾಫಿ ರೇಟು ಆಮೇಲೆ, ಮಂತ್ರಿಗಳು ಇನ್ನೂ ಆಮೇಲೆ.

ದಿನಕ್ಕೆ ಮೂರೇ ಚೌಕದ ಕತೆ ಅದು. ಒಬ್ಬ ವಿಮಾನ ಹಾರಿಸುವವನು ದಿಕ್ಕು ತಪ್ಪಿ ಯಾವುದೋ ಹೆಸರಿಲ್ಲದ ಕಣಿವೆಗೆ ಇಳಿಯುತ್ತಾನೆ, ಅಲ್ಲಿ ಕಳ್ಳರ ಗುಂಪು, ಗುಹೆ, ಹಗ್ಗದ ಸೇತುವೆ, ಸೆರೆ ಸಿಕ್ಕಿದ ಮುದುಕ. ವಿಮಾನದವನ ಕಾಲಿಗೆ ಮೊಣಕಾಲುದ್ದದ ಬೂಟು. ಓದು ಬಾರದ ನಮ್ಮಜ್ಜಿ ಚಿತ್ರ ನೋಡಿ, "ಇವನೂ ಯಾವುದೋ ಎಸ್ಟೇಟಿನವನೇ ಇರ್ಬೇಕು ಕಣ್ರೋ, ಗಂಬೂಟು ಹಾಕವ್ನೆ" ಅಂದಳು. ಅಂದಿನಿಂದ ಅವನ ನಿಜವಾದ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಗಂಬೂಟಿನವನು ಅಂತಲೇ ಆಯಿತು.

ಆ ಚಿತ್ರ ಬರೆದ ಪುಣ್ಯಾತ್ಮ ಯಾವ ದೇಶದವನೋ. ಬರೀ ಕಪ್ಪು ಶಾಯಿಯಲ್ಲಿ ಏನೆಲ್ಲ ಮಾಡುತ್ತಿದ್ದ! ಮುಖದ ಅರ್ಧಕ್ಕೆ ಶಾಯಿ ಬಳಿದುಬಿಟ್ಟರೆ ಆ ಮನುಷ್ಯ ಒಳ್ಳೆಯವನೋ ಕೆಟ್ಟವನೋ ತಿಳಿಯದೆ ನಾವು ಒದ್ದಾಡಬೇಕು. ಓರೆಯಾಗಿ ನಾಲ್ಕು ಗೆರೆ ಎಳೆದರೆ ಮಳೆ. ಕಾಗದವನ್ನು ಖಾಲಿ ಬಿಟ್ಟರೆ ಅದೇ ಬೆಂಕಿಯ ಬೆಳಕು. ಈಗ ನನ್ನ ಫೋನಿನಲ್ಲಿ ಲಕ್ಷಾಂತರ ಬಣ್ಣ ಇದೆಯಂತೆ, ಆ ಮಳೆಯಲ್ಲಿ ನೆಂದ ಹಾಗೆ ನಾನು ಇನ್ಯಾವುದರಲ್ಲೂ ನೆಂದಿಲ್ಲ. ಮಾತಿನ ಗುಳ್ಳೆಗಳನ್ನು ಬೇರೆ ಭಾಷೆಯ ಅಳತೆಗೆ ಬರೆದಿದ್ದರು. ಅದರೊಳಗೆ ಕನ್ನಡ ತುರುಕಿದವರ ಪಾಡು ದೇವರೇ ಬಲ್ಲ. ಒತ್ತಕ್ಷರಗಳು ಗುಳ್ಳೆಯ ಗೆರೆ ದಾಟಿ ಕಳ್ಳನ ಟೋಪಿಯ ಮೇಲೆ ಕೂತಿರುತ್ತಿದ್ದವು. ಗಂಬೂಟಿನವನೋ, ವಿಮಾನದಿಂದ ಇಳಿದು ಬಂದು "ಎಲೈ ದುಷ್ಟನೇ, ನಿಲ್ಲು" ಎಂದು ನಾಟಕದ ರಾಜನ ಹಾಗೆ ಮಾತಾಡುತ್ತಿದ್ದ.

ಎಲ್ಲಕ್ಕಿಂತ ದೊಡ್ಡ ಕಳ್ಳತನ ಇದ್ದದ್ದು ಮೂರನೇ ಚೌಕದಲ್ಲಿ. ಮೊದಲನೆಯದು ನಿನ್ನೆಯದನ್ನು ನೆನಪಿಸುತ್ತದೆ, ಎರಡನೆಯದು ಒಂದು ಹೆಜ್ಜೆ ಮುಂದಿಡುತ್ತದೆ, ಮೂರನೆಯದರಲ್ಲಿ ಬಾಗಿಲು ತೆರೆಯುತ್ತದೆ. ಬಾಗಿಲಲ್ಲಿ ಯಾರು ಅಂತ ಮಾತ್ರ ತೋರಿಸುವುದಿಲ್ಲ. ನಾಳೆ ಬಸ್ಸು ಬರುವ ತನಕ ಮನೆಮಂದಿಯೆಲ್ಲ ಆ ಬಾಗಿಲ ಮುಂದೆ ಕಾಯಬೇಕು.

ಓದುವ ಕೆಲಸ ದೊಡ್ಡಪ್ಪನದು. ಕಳ್ಳನಿಗೆ ಒಂದು ಗಂಟಲು, ಮುದುಕನಿಗೆ ಒಂದು ಕೆಮ್ಮು. ಅಪ್ಪ ಪಕ್ಕದಲ್ಲಿ ಕೂತು ಚಿತ್ರದ ಮೇಲೆ ಬೆರಳಿಡುತ್ತಿದ್ದ: ನೋಡಣ್ಣ, ಬಂಡೆ ಹಿಂದೆ ಇನ್ನೊಬ್ಬ ಅಡಗಿಕೊಂಡಿದ್ದಾನೆ. ಅಣ್ಣನಿಗೆ ಮಾತು, ತಮ್ಮನಿಗೆ ಕಣ್ಣು. ಇಬ್ಬರೂ ಮೀಸೆ ಬಂದ, ಮಕ್ಕಳಿರುವ ಗಂಡಸರು. ಜಗಲಿಯಲ್ಲಿ ತಲೆಗೆ ತಲೆ ತಾಗಿಸಿ ಕೂತಿರುತ್ತಿದ್ದರು.

ಆಮೇಲೆ ಪಾಲಾಯಿತು. ಪಾಲು ಸಲೀಸಾಗಿಯೇ ಆಯಿತು, ಕೆಟ್ಟದ್ದು ಅದಾದ ಮೇಲಿನ ಬೇಸಿಗೆ. ಆ ವರ್ಷ ಹೂಮಳೆ ಬರಲಿಲ್ಲ. ಕಾಫಿ ಹೂ ಅರಳಬೇಕಾದರೆ ಮೊಗ್ಗಿಗೆ ಸರಿಯಾದ ಹೊತ್ತಿಗೆ ನೀರು ಬೀಳಬೇಕು. ಕೆರೆ ಒಂದೇ, ಪಂಪು ಒಂದೇ. ದೊಡ್ಡಪ್ಪ ಮೊದಲು ತನ್ನ ತೋಟಕ್ಕೆ ನೀರು ಹಾರಿಸಿಕೊಂಡ. ನಮ್ಮ ಸರದಿ ಬರುವಷ್ಟರಲ್ಲಿ ಕೆರೆಯಲ್ಲಿ ಕೆಸರು ಉಳಿದಿತ್ತು. ಅಪ್ಪ ಏನೋ ಅಂದ, ದೊಡ್ಡಪ್ಪ ಏನೋ ಅಂದ, ಮನೆಯ ನಡುವೆ, ಅಂಗಳದ ಕೊನೆಯ ತನಕ, ಇಟ್ಟಿಗೆ ಗೋಡೆ ಎದ್ದಿತು. ಅಜ್ಜಿ ಅತ್ತು ಕರೆದು ನೋಡಿದಳು, ಕಡೆಗೆ ಒಂದು ಕಟ್ಟಳೆ ಮಾಡಿದಳು. ಕೆರೆ, ಕಣ, ದೇವರ ಕೋಣೆ ಇಬ್ಬರಿಗೂ ಸೇರಿದ್ದು, ಹಾಗೆಯೇ ಪೇಪರೂ. ಒಂದು ದಿನ ಮೊದಲು ಈ ಮನೆಗೆ, ಮರುದಿನ ಮೊದಲು ಆ ಮನೆಗೆ. ಓದಿಯಾದ ಮೇಲೆ ಸಂಜೆ ಅವಳೇ ಆಚೆಗೆ ದಾಟಿಸುವಳು. ಯಾರಾದರೂ ಬೇರೆ ಪೇಪರು ತರಿಸಿದರೆ ಊಟ ಬಿಡುತ್ತೇನೆ ಅಂದಳು. ಬಿಡುವವಳೇ ಅವಳು.

ಒಂದು ಸಂಜೆ ಆಚೆ ಮನೆಯಿಂದ ಬಂದ ಪೇಪರಿನಲ್ಲಿ ಚಿತ್ರಕಥೆ ಇರಬೇಕಾದ ಜಾಗದಲ್ಲಿ ತೂತು. ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದರು. ಅಪ್ಪ ಆ ತೂತಿನ ಮೂಲಕ ನನ್ನನ್ನೇ ನೋಡಿದ, ಮುಖ ಕೆಂಪಾಗಿತ್ತು. ಯಾಕೆ ಕತ್ತರಿಸಿದೆ ಅಂತ ಕೇಳಬೇಕಾದರೆ ಮಾತು ಬೇಕಿತ್ತು, ಮಾತೇ ಇರಲಿಲ್ಲ. ಮರುದಿನ ಪೇಪರು ಮೊದಲು ನಮಗೆ ಬಂತು. ಅಮ್ಮನ ಹೊಲಿಗೆಯ ಕತ್ತರಿಯನ್ನು ಅಪ್ಪ ತೆಗೆದುಕೊಂಡ. ಎಂಥ ಗಂಡಸರೋ ಮಾರಾಯ! ಅಂದಿನಿಂದ ಗಂಬೂಟಿನವನು ಒಂದು ದಿನ ಅವರ ಮನೆಯಲ್ಲಿ ಬೀಳುತ್ತಿದ್ದ, ಮರುದಿನ ನಮ್ಮ ಮನೆಯಲ್ಲಿ ಏಳುತ್ತಿದ್ದ.

ಮಕ್ಕಳಾದ ನಾವು ದಾರಿ ಹುಡುಕಿಕೊಂಡೆವು. ದೊಡ್ಡಪ್ಪನ ಮಗಳು ಅಕ್ಕನೂ ನಾನೂ ಕಣದಲ್ಲಿ ಕಾಫಿ ಕೆದರುವಾಗ ಅವಳ ದಿನದ್ದನ್ನು ಅವಳು ಹೇಳುವುದು, ನನ್ನ ದಿನದ್ದನ್ನು ನಾನು ಹೇಳುವುದು. ಚಿತ್ರ ಕಾಣುವ ಹಾಗೆ ಹೇಳಬೇಕು, ಇಲ್ಲದಿದ್ದರೆ ಅವಳು ಬಿಡುತ್ತಿರಲಿಲ್ಲ. ಗುಹೆ ಎಡಕ್ಕೋ ಬಲಕ್ಕೋ, ನೆರಳು ಯಾರ ಮೇಲೆ ಬಿದ್ದಿತ್ತು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಬೇರೆಲ್ಲೋ ನೋಡುತ್ತ ಕೇಳುತ್ತಿದ್ದ, ಮುದುಕ ತಪ್ಪಿಸಿಕೊಂಡನಂತಾ? ಗೋಡೆಯ ಆಚೆ ದೊಡ್ಡಪ್ಪನೂ ಅಕ್ಕನನ್ನು ಹಾಗೆಯೇ ಕೇಳುತ್ತಿದ್ದನಂತೆ. ಇಬ್ಬರೂ ಮಾತಾಡಿಕೊಂಡದ್ದು ಅಷ್ಟೇ, ನಮ್ಮ ಬಾಯಿಂದ.

ಅಜ್ಜಿ ಹೋದಳು. ಒಂದು ಯುಗಾದಿಯ ಹೊತ್ತಿಗೆ ಪೇಪರು ಹೊಸ ವೇಷ ಹಾಕಿಕೊಂಡು ಬಂತು, ಚಿತ್ರಕಥೆ ಇರಲಿಲ್ಲ. ನಿಲ್ಲಿಸಿದ್ದೇವೆ ಅಂತ ಒಂದು ಸಾಲೂ ಬರೆಯಲಿಲ್ಲ. ಆ ಜಾಗದಲ್ಲಿ ಈಗ ಅಂಕಿ ತುಂಬುವ ಆಟ ಬರುತ್ತದೆ. ನನಗೆ ಈಗಲೂ ಆ ಚೌಕಗಳನ್ನು ಕಂಡರೆ ಸಿಟ್ಟು ಬರುತ್ತದೆ. ಮನುಷ್ಯರಿದ್ದ ಮನೆಗೆ ಅಂಕಿಗಳು ಒಕ್ಕಲು ಬಂದಿವೆ.

ಹೋದ ವರ್ಷ ಮೆಣಸು ಕೊಯ್ಲಿನ ಸಮಯಕ್ಕೆ ದೊಡ್ಡಪ್ಪ ತೋಟದಲ್ಲಿ ಬಿದ್ದ. ಹಾಸನದ ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಬಲಗೈ, ಬಲಗಾಲಲ್ಲಿ ಶಕ್ತಿ ಇರಲಿಲ್ಲ. ಮಾತು ಇತ್ತು, ತಡವಾಗಿ ಬರುತ್ತಿತ್ತು. ಆಲೂರಿಗೆ ಕೊಟ್ಟಿದ್ದ ಅಕ್ಕ ನೋಡಿಕೊಳ್ಳಲು ಬಂದು ನಿಂತಳು. ಅಪ್ಪ ಹೋಗಲಿಲ್ಲ. ಗೋಡೆಯ ಪಕ್ಕದ ಮೆಣಸಿನ ಬಳ್ಳಿಯನ್ನೇ ದಿನವೆಲ್ಲ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಹೋಗಪ್ಪ ಅಂದರೆ ಬಳ್ಳಿ ಜಾರುತ್ತಿದೆ ಅನ್ನುತ್ತಿದ್ದ. ನನಗೆ ಹೆದರಿಕೆಯಾಗಿತ್ತು. ಹೀಗೆಯೇ ಒಬ್ಬರು ಹೋಗಿಬಿಟ್ಟರೆ ಇನ್ನೊಬ್ಬರು ಉಳಿದ ದಿನಗಳನ್ನು ಏನು ಮಾಡುತ್ತಾರೆ?

ಬಿಲ್ಲುಗಳನ್ನು ಚುಚ್ಚಿಡುವ ಕೊಕ್ಕೆ ತಂತಿ ಗೊತ್ತಲ್ಲ, ಅಂಥದೊಂದರಲ್ಲಿ ದೊಡ್ಡಪ್ಪ ತನ್ನ ಪಾಲಿನ ಚಿತ್ರಕಥೆಗಳನ್ನೆಲ್ಲ ಚುಚ್ಚಿ ಸ್ಟೋರಿನ ಜಂತಿಗೆ ನೇತುಹಾಕಿದ್ದನಂತೆ. ಹೊತ್ತು ಕಳೆಯಲಿ ಅಂತ ಅಕ್ಕ ಅದನ್ನು ಇಳಿಸಿ ಓದತೊಡಗಿದಳು. ಎರಡನೆಯ ಚೂರಿಗೇ ದೊಡ್ಡಪ್ಪ ತಡೆದ.

"ನಡುವಿಂದು ಎಲ್ಲಿ?" ಅಂದ.

ಅಕ್ಕ ಹೊರಗೆ ಬಂದು ಗೋಡೆಯ ಮೇಲಿಂದ ಅಪ್ಪನನ್ನು ಕೇಳಿದಳು, ಚಿಕ್ಕಪ್ಪ, ನಿಮ್ಮ ದಿನದವು ಇದ್ದಾವಾ? ಅಪ್ಪ ಕತ್ತರಿಸುತ್ತಿದ್ದ, ಇಡುತ್ತಿರಲಿಲ್ಲ. ನಮ್ಮ ಪಾಲಿನ ಗಂಬೂಟಿನವನನ್ನೆಲ್ಲ ಬಚ್ಚಲ ಒಲೆ ನುಂಗಿತ್ತು. ಅಪ್ಪ ಕೈಯಲ್ಲಿದ್ದ ಬಳ್ಳಿ ಬಿಟ್ಟ. ಆಮೇಲೆ, "ಐತೆ ಕಣವ್ವ, ಎಲ್ಲಾ ಐತೆ, ತಲೇಲಿ" ಅಂದ. ಒಳಗೆ ಹೋಗಿ ಅಂಗಿ ಬದಲಿಸಿಕೊಂಡು, ತಲೆ ಬಾಚಿಕೊಂಡು, ಆಚೆ ಮನೆಯ ಮೆಟ್ಟಿಲು ಹತ್ತಿದ. ನಾನು ಹಿಂದೆಯೇ ಓಡಿದೆ.

ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತವನು ಹೇಗಿದ್ದೀಯ ಅಂತಲೂ ಕೇಳಲಿಲ್ಲ. ಸೀದಾ ಶುರು ಮಾಡಿದ. ಸೇತುವೆಯ ಹಗ್ಗ ಹರಿಯಿತಾ, ಗಂಬೂಟಿನವನು ಹೊಳೆಗೆ ಬಿದ್ದನಾ, ಅಷ್ಟರಲ್ಲಿ ದಡದಲ್ಲಿ ಒಂದು ಒಂಟಿ ಸಲಗ. ನನಗೆ ನಗು ತಡೆಯಲಾಗಲಿಲ್ಲ. ಆ ಕತೆಯಲ್ಲಿ ಆನೆಯೇ ಇರಲಿಲ್ಲ. ಹೊಂಗಡಹಳ್ಳದ ರಸ್ತೆಯಲ್ಲಿ ಅಪ್ಪನನ್ನೇ ಅಟ್ಟಿಸಿಕೊಂಡು ಬಂದ ಆನೆ ಅದು! ಮೂರು ಚೌಕದಷ್ಟು ಹೇಳಿ, ಸೊಂಡಿಲು ಎತ್ತಿದ ಜಾಗಕ್ಕೆ ಸರಿಯಾಗಿ ನಿಲ್ಲಿಸಿ, ನಾಳೆ ಬರುತ್ತೇನೆ ಎಂದು ಎದ್ದುಬಿಟ್ಟ.

ಮರುದಿನ ಅಕ್ಕ ತಂತಿಯಿಂದ ಒಂದು ಚೂರು ಓದಿದಳು, ಅಪ್ಪ ಮುಂದಿನದನ್ನು ಕಟ್ಟಿದ. ಹಾಗೆಯೇ ನಡೆಯಿತು. ಅಪ್ಪನ ಕೈಯಲ್ಲಿ ಗಂಬೂಟಿನವನು ಬಿಸಿಲೆ ಕಾಡು ಹೊಕ್ಕ, ಹೆಗ್ಗದ್ದೆಯ ಯಾರದೋ ಮನೆಯಲ್ಲಿ ಅಕ್ಕಿರೊಟ್ಟಿ ತಿಂದ. ನಿಮ್ಮಪ್ಪನಿಗೆ ಗೊತ್ತಾಗುವುದಿಲ್ಲವಾ ಅಂತ ನಾನು ಅಕ್ಕನನ್ನು ಕೇಳಿದೆ. ಗೊತ್ತಾಗದೆ ಏನು, ನಾನು ಹೇಳಿದ್ದ ನಿಜವಾದ ಕತೆಯನ್ನೆಲ್ಲ ಅವಳು ಅಂದೇ ದೊಡ್ಡಪ್ಪನಿಗೆ ಒಪ್ಪಿಸಿದ್ದಳಲ್ಲ. ಅವಳೂ ಒಮ್ಮೆ ತಡೆಯಲಾರದೆ, ಅಪ್ಪಾ, ಇದೆಲ್ಲ ಬಂದೇ ಇರಲಿಲ್ಲ ಅಂದಳಂತೆ. ಅದಕ್ಕೆ ದೊಡ್ಡಪ್ಪ, "ಗೊತ್ತೈತೆ. ಸುಮ್ನಿರು, ಹೇಳ್ಲಿ" ಅಂದನಂತೆ.

ನಿನ್ನೆ ಸಂಜೆ ಅಪ್ಪ ಆಚೆ ಮನೆಯಿಂದ ಬಂದು ಜಗಲಿಯಲ್ಲಿ ಕೂತ. ತಂತಿಯಲ್ಲಿ ಇನ್ನು ಒಂದೇ ಚೂರು ಉಳಿದಿದೆ ಅಂದ. ಕಾಫಿ ಕೊಡುತ್ತ, ಹಾಗಾದರೆ ಅವನನ್ನು ವಿಮಾನ ಹತ್ತಿಸಿ ಕಳಿಸಿಬಿಡು, ಕತೆ ಮುಗಿಯಲಿ ಅಂದೆ.

"ಮುಗಿದ್ರೆ ನಾಡಿದ್ದು ಏನಂತ ಹೋಗ್ಲಿ?"

ಅಣ್ಣನನ್ನು ನೋಡುವುದಕ್ಕೆ ನೆಪ ಬೇಕಾ ಅಂತ ಗದರಿಸಿದೆ, ನನ್ನ ಬಾಯಿ ಹಾಗೆ. ಅಪ್ಪ ಲೋಟ ಕೆಳಗಿಟ್ಟ.

"ಕತೆ ಹೇಳ್ತಾ ಇದ್ರೆ ಅವನ ಮುಖ ನೋಡ್ತೀನಿ ಕಣವ್ವ. ಸುಮ್ನೆ ಕೂತ್ರೆ ಆ ಕೈ ಕಾಣ್ತದೆ. ಅಳು ಬತ್ತದೆ."

ಅವನ ಪಕ್ಕದಲ್ಲಿ ಕೂತೆ. ಗುಹೆಯೊಳಗೆ ಇನ್ನೊಂದು ಗುಹೆ ಇರಲಿ ಅಪ್ಪ, ಅದಕ್ಕೊಂದು ಬಾಗಿಲು ಇಡು ಅಂದೆ.