ಸಮಾಜಕ್ಕೆ ಹೋಗುವವಳು

ನಮ್ಮ ಬೀದಿಯಲ್ಲಿ ಹೆಂಗಸರನ್ನು ಬೈಯಲು ಒಂದು ಹೊಸ ಬೈಗುಳ ಹುಟ್ಟಿಕೊಂಡದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಹಲಸೂರಿನ ದೇವಸ್ಥಾನದ ಹಿಂದೆ, ಮೂಲೆಮನೆಯ ಜಗುಲಿಯ ಮೇಲೆ ಪ್ರತಿ ಶನಿವಾರ ಮಧ್ಯಾಹ್ನ ಏಳೆಂಟು ಹೆಂಗಸರು ಸೇರುತ್ತಿದ್ದರು. ಅದಕ್ಕೆ ಮಹಿಳಾ ಸಮಾಜ ಎಂದು ಹೆಸರು. ನಡೆಸುತ್ತಿದ್ದವರು ಆ ಮನೆಯ ಟೀಚರಮ್ಮ. ದಂಡು ಪ್ರದೇಶದ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಪಾಠ ಹೇಳುತ್ತಿದ್ದವರೂ ಅವರೇ. ಅಲ್ಲಿ ನಡೆಯುತ್ತಿದ್ದದ್ದಾದರೂ ಏನು? ಟೀಚರಮ್ಮ ಪತ್ರಿಕೆ ಓದಿ ಹೇಳುವರು, ಕೆಲವರು ಕಸೂತಿ ಹಾಕುವರು, ಅಕ್ಷರ ಬಾರದವರು ಸ್ಲೇಟಿನ ಮೇಲೆ ತಮ್ಮ ಹೆಸರು ತಿದ್ದುವರು. ಅಷ್ಟೇ.

ಆದರೆ ಬೀದಿಯವರ ಬಾಯಲ್ಲಿ ‘ಸಮಾಜಕ್ಕೆ ಹೋಗುವವಳು’ ಎಂದರೆ ಬೇರೆಯೇ ಏನೋ. ಸಾರಿಗೆ ಉಪ್ಪು ಹೆಚ್ಚಾದರೆ, ನಲ್ಲಿಯ ಹತ್ತಿರ ಯಾರಾದರೂ ಜೋರಾಗಿ ನಕ್ಕರೆ, ಗಂಡ ಕೂಗಿದಾಗ ಹೆಂಡತಿ ಕೊಂಚ ತಡವಾಗಿ ಓಗೊಟ್ಟರೆ, “ಏನೇ, ಸಮಾಜಕ್ಕೆ ಹೋಗೋಕೆ ಶುರು ಮಾಡಿದ್ಯಾ?” ಎಂಬ ಮಾತು ತಯಾರಾಗಿ ನಿಂತಿರುತ್ತಿತ್ತು. ಅಲ್ಲಿಗೆ ಹೋದವರು ಗಂಡನನ್ನು ಹೆಸರು ಹಿಡಿದು ಕೂಗುತ್ತಾರೆಂದು ನಮ್ಮಜ್ಜಿ ಆಣೆ ಮಾಡಿ ಹೇಳುವರು. ಅಜ್ಜಿ ಒಂದು ದಿನವೂ ಅತ್ತ ತಲೆ ಹಾಕಿದವರಲ್ಲ. ಅಮ್ಮ ಮಾತ್ರ ಹೋಗುತ್ತಿದ್ದಳು, ನನ್ನನ್ನೂ ಕರೆದುಕೊಂಡು, ಹಣ್ಣುಕಾಯಿ ಬುಟ್ಟಿ ಹಿಡಿದು, ದೇವಸ್ಥಾನಕ್ಕೆ ಹೊರಟವಳಂತೆ. ತನ್ನ ಹೆಸರು ಬರೆಯುವುದನ್ನು ಅಲ್ಲಿಯೇ ಕಲಿತಳು. ಯಾರಾದರೂ ಕೇಳಿದರೆ, “ನಾನೇನು ಸಮಾಜದವಳಲ್ಲಮ್ಮ, ಸುಮ್ನೆ ಹೋಗಿ ಕೂತು ಬರ್ತೀನಿ” ಎನ್ನುವಳು. ಹೇಡಿತನ ಕಲಿಯಲು ನಾನು ದೂರ ಹೋಗಬೇಕಾಗಿರಲಿಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನೆರಡು ತಿಂಗಳಿರುವಾಗ ಕೃಷ್ಣರಾಜಪುರದಿಂದ ನನಗೊಂದು ಸಂಬಂಧ ಬಂತು. ಹೊಲ, ತೋಟ ಇದ್ದ ಮನೆ. ಒಪ್ಪಿಗೆಯಾದರೆ ಮುಂದಿನ ತಿಂಗಳೇ ಲಗ್ನ ಎಂದಿದ್ದರು. ನನಗೆ ಪರೀಕ್ಷೆ ಬರೆಯಬೇಕಿತ್ತು. ಆಮೇಲೆ ಟೀಚರಮ್ಮನ ಹಾಗೆ ಆಗಬೇಕೆಂಬ ಆಸೆಯೂ ಇತ್ತು. ಅಪ್ಪನ ಮುಂದೆ ಬಾಯಿ ಬರಲಿಲ್ಲ. ಟೀಚರಮ್ಮನ ಮುಂದೆ ಅತ್ತುಬಿಟ್ಟೆ.

“ಮದುವೆ ಬೇಡ ಅನ್ನು ಅಂತ ನಾನು ಹೇಳ್ತಿಲ್ಲ ಕಣೇ,” ಎಂದರು ಅವರು. “ಪರೀಕ್ಷೆ ಮುಗಿಸ್ಕೊಂಡು ಬರ್ತೀನಿ ಅಂತ ಒಂದೇ ಒಂದು ಮಾತು ಕೇಳು. ನೀನು ಬಾಯಿ ತೆಗೆದ್ರೆ ಸಾಕು. ನಾನು ಅಡುಗೆಮನೇಲೇ ಇರ್ತೀನಿ, ಮಿಕ್ಕಿದ್ದು ಬಂದು ಹೇಳ್ತೀನಿ.”

ಹೇಳಿದಂತೆಯೇ ಹೆಣ್ಣು ನೋಡುವ ದಿನ ಹಿತ್ತಲಿನಿಂದ ಬಂದರು. ಸಕ್ಕರೆಗೆ ರೇಷನ್ ಇದ್ದ ಕಾಲ. ಕೇಸರಿಬಾತಿಗೆ ಸಾಲದೆಂದು ತಮ್ಮ ಮನೆಯ ಪಾಲಿನ ಸಕ್ಕರೆಯನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದರು. ಅಮ್ಮನನ್ನು ತಟ್ಟೆ ಜೋಡಿಸಲು ಬಿಟ್ಟು ತಾವೇ ಒಲೆಯ ಮುಂದೆ ಕುಳಿತರು.

ನಾನು ಚಾಪೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದೆ. ಹುಡುಗಿಯ ಕೈಕೆಲಸ ತೋರಿಸುವುದು ಪದ್ಧತಿ. ನಾನು ಕಸೂತಿ ಹಾಕಿದ ಗಿಳಿಯ ಬಟ್ಟೆ ತಟ್ಟೆಯಲ್ಲಿತ್ತು. ಹುಡುಗನ ಸೋದರತ್ತೆ ಅದನ್ನು ಎತ್ತಿಕೊಂಡು, ತಿರುವಿ ಹಿಂದಿನ ಹೊಲಿಗೆ ನೋಡಿದರು. ಗಂಡ ತೀರಿಕೊಂಡ ಮೇಲೆ ತವರಿನಲ್ಲೇ ನೆಲೆಸಿದ್ದ ಹೆಂಗಸು. ಆ ಮನೆಯಲ್ಲಿ ಅವರ ಮಾತೇ ಮಾತು ಎಂದು ಮೊದಲೇ ಹೇಳಿದ್ದರು.

“ಈ ಬೀದೀಲಿ ಹೆಂಗಸ್ರ ಸಮಾಜ ಅಂತ ಇದೆಯಂತಲ್ಲ. ನೀನು ಹೋಗ್ತೀಯೇನಮ್ಮ?” ಎಂದು ಕೇಳಿದರು.

ಅಜ್ಜಿಯ ಮುಖ ಬಿಳುಚಿಕೊಂಡಿತು. ನನ್ನ ಕಿವಿಯಲ್ಲಿ ಉಪ್ಪು ಹೆಚ್ಚಾದ ಸಾರು, ನಲ್ಲಿಯ ಹತ್ತಿರದ ನಗು, ಎಲ್ಲ ಒಟ್ಟಿಗೆ ಮೊಳಗಿದವು.

“ಇಲ್ಲ,” ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಅಂಥೋರ ಸಹವಾಸ ನಮಗಿಲ್ಲ.”

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು.

“ಹೌದಾ,” ಎಂದು ಸೋದರತ್ತೆ ಬಟ್ಟೆಯನ್ನು ಮಡಿಸಿ ತಟ್ಟೆಯಲ್ಲಿಟ್ಟರು. ಇನ್ನು ಪರೀಕ್ಷೆಯ ಮಾತನ್ನು ನಾನು ಯಾವ ಬಾಯಿಂದ ಎತ್ತಲಿ? ಹಾಗೆ ಕೇಳುವುದೇ ಸಮಾಜದವಳ ಲಕ್ಷಣವಲ್ಲವೇ? ಟೀಚರಮ್ಮನೂ ಹೊರಗೆ ಬರುವಂತಿರಲಿಲ್ಲ. ಬಂದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಅವರು ಕೈ ತೊಳೆದುಕೊಂಡು ಹಿತ್ತಲ ಬಾಗಿಲಿನಿಂದಲೇ ಹೊರಟುಹೋದರಂತೆ. ಹೋಗುವಾಗ ಅಮ್ಮನಿಗೆ, “ತಳ ಹಿಡಿಯುತ್ತೆ, ಕೆದಕ್ತಾ ಇರಿ” ಎಂದಷ್ಟೇ ಹೇಳಿದರಂತೆ. ಬಂದವರು ಕೇಸರಿಬಾತನ್ನು ಹೊಗಳಿ ಎರಡನೆಯ ಸಲ ಹಾಕಿಸಿಕೊಂಡರು.

ಮದುವೆಗೆ ಟೀಚರಮ್ಮ ಬಂದರು, ಅಕ್ಷತೆ ಹಾಕಿದರು, “ಚೆನ್ನಾಗಿರು” ಎಂದರು. ನಾನು ಕಾಲು ಮುಟ್ಟಿ ನಮಸ್ಕರಿಸಿದೆನೇ ಹೊರತು ಮುಖ ಎತ್ತಿ ನೋಡಲಿಲ್ಲ. ಅದೇ ಬೇಸಿಗೆಯಲ್ಲಿ ಅವರ ಯಜಮಾನರಿಗೆ ಬೇರೆ ಊರಿಗೆ ವರ್ಗವಾಯಿತು. ಜಗುಲಿಯ ಮೇಲಿನ ಸಮಾಜವೂ ಅಲ್ಲಿಗೆ ಮುಗಿಯಿತು.

ನನ್ನ ಜೊತೆಯ ಹುಡುಗಿಯರು ಪರೀಕ್ಷೆ ಬರೆಯುತ್ತಿದ್ದ ದಿನ ನಾನು ಕೃಷ್ಣರಾಜಪುರದ ಅಂಗಳದಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದೆ. ಸೋದರತ್ತೆ ಪಕ್ಕದಲ್ಲಿ ಬಂದು ಕುಳಿತರು.

“ಅವತ್ತು ನಿಮ್ಮ ಬೀದಿ ಸಮಾಜದ ವಿಷ್ಯ ಕೇಳಿದ್ನಲ್ಲ, ಜ್ಞಾಪಕ ಇದೆಯಾ?” ಎಂದರು. “ನೀನು ಹೋಗ್ತಿದ್ದಿದ್ರೆ ಇಲ್ಲೂ ಒಂದು ಮಾಡಿಸೋಣ ಅಂತ ಆಸೆ ಇತ್ತು ಕಣಮ್ಮ. ಪತ್ರಕ್ಕೆಲ್ಲ ಹೆಬ್ಬೆಟ್ಟು ಒತ್ತಿ ಒತ್ತಿ ಸಾಕಾಗಿದೆ ನಂಗೆ. ನೀನು ಅಂಥೋರು ಅಂದ್ಬಿಟ್ಯಲ್ಲ, ನಾಚಿಕೆ ಆಯ್ತು. ಸುಮ್ನಾದೆ.”

ಅವತ್ತು ಪರೀಕ್ಷೆಯ ಆ ಒಂದು ಮಾತು ಕೇಳಿದ್ದರೆ ಈಕೆಯೇ ನನ್ನ ಪರ ನಿಲ್ಲುತ್ತಿದ್ದರು.

ಮರುದಿನದಿಂದ ಅವರಿಗೆ ಸ್ಲೇಟಿನ ಮೇಲೆ ಹೆಸರು ತಿದ್ದಿಸತೊಡಗಿದೆ. ಮೊದಲು ಗೀಟು, ಆಮೇಲೆ ಸೊನ್ನೆ, ಆಮೇಲೆ ಅಕ್ಷರ. ಟೀಚರಮ್ಮ ಅಮ್ಮನಿಗೆ ಕಲಿಸಿದ ಕ್ರಮವೇ.

“ದೊಡ್ಡೋರಿಗೆ ಹೀಗೆ ಕಲಿಸ್ಬೇಕು ಅಂತ ನಿಂಗೆ ಯಾರು ಹೇಳ್ಕೊಟ್ರು?” ಎಂದು ಒಂದು ದಿನ ಬೆರಗಿನಿಂದ ಕೇಳಿದರು.

ಆಗಲಾದರೂ ಹೇಳಬಹುದಿತ್ತು. ಕೇಳುತ್ತಿದ್ದವರು ಬೈಯುವವರಾಗಿರಲಿಲ್ಲ, ಪಕ್ಕದಲ್ಲಿ ಅಜ್ಜಿಯೂ ಇರಲಿಲ್ಲ.

“ಯಾರೂ ಇಲ್ಲ,” ಎಂದೆ.