ಮ್ಯಾಗ್ನಮ್ ಮೇಲೆ ಬಿದ್ದ ಅಕ್ಷತೆ

ಜಾರ್ಜ್‌ಟೌನಿನಲ್ಲಿ ಮನೆ, ಉತ್ತರ ಒಂಟಾರಿಯೊದ ಕಾಡಿನಲ್ಲಿ ಕೆಲಸ. ನಾನು ಅದಿರು ಹುಡುಕುವ ಭೂವಿಜ್ಞಾನಿ. ಅದು ಕರಡಿ ಓಡಾಡುವ ಜಾಗವಾದ್ದರಿಂದ ಕೆಲಸದ ಮೇಲೆ ಹೋಗುವಾಗ ರಿವಾಲ್ವರ್ ಒಯ್ಯಲು ನಮ್ಮಂಥವರಿಗೆ ಪರವಾನಗಿ ಸಿಗುತ್ತದೆ. 2017ರಲ್ಲಿ ನನಗೂ ಸಿಕ್ಕಿತು. ಧಾರವಾಡದಲ್ಲಿ ಇಲಿ ಕಂಡರೆ ಕುರ್ಚಿ ಹತ್ತುತ್ತಿದ್ದವನ ಸೊಂಟಕ್ಕೆ ಈಗ ಮ್ಯಾಗ್ನಮ್ ರಿವಾಲ್ವರ್ ಬರುತ್ತದಂತೆ ಎಂದು ಹೆಂಡತಿ ತವರಿಗೆ ಫೋನ್ ಮಾಡಿ ನಕ್ಕಳು.

ಆಯ್ಕೆಗೆ ಎರಡಿದ್ದವು. ಒಂದು, ನಿವೃತ್ತನಾಗುತ್ತಿದ್ದ ಹಿರಿಯ ಸಹೋದ್ಯೋಗಿ ಮೂವತ್ತು ವರ್ಷ ಕಾಡಿನಲ್ಲಿ ಹೊತ್ತು ತಿರುಗಿದ್ದು. ಕಪ್ಪುನೀಲಿ ಉಕ್ಕು, ಮರದ ಹಿಡಿ, ಒಳ್ಳೆಯ ಭಾರ. ಇನ್ನೊಂದು ಅಂಗಡಿಯ ಹೊಸ ಮಾಡೆಲ್. ತುಕ್ಕು ಹಿಡಿಯುವುದಿಲ್ಲ, ಹಗುರ, ರಬ್ಬರ್ ಹಿಡಿ. ಗುರಿ ಅಭ್ಯಾಸದ ರೇಂಜಿನಲ್ಲಿ ಎರಡನ್ನೂ ಹಾರಿಸಿ ನೋಡಿದೆ. ಹೊಸದು ಸೊಂಟಕ್ಕೆ ಹಿತ, ಅಂಗೈಗೆ ಶತ್ರು. ಅದು ಒದೆಯುವ ರಭಸಕ್ಕೆ ಎರಡನೆಯ ಗುಂಡಿನ ಹೊತ್ತಿಗೆ ನಾನು ಕಣ್ಣು ಮುಚ್ಚುತ್ತಿದ್ದೆ. ಹಳೆಯದರ ತೂಕವೇ ಆ ಒದೆತವನ್ನು ನುಂಗಿಕೊಳ್ಳುತ್ತಿತ್ತು, ಟ್ರಿಗರ್ ಬೆಣ್ಣೆಯಂತೆ ಬರುತ್ತಿತ್ತು. ಅದನ್ನೇ ಕೊಂಡೆ. ಸವೆದು ಸವೆದು ಗುಂಡಿಗೆ ಬಡಿಯುವ ಹ್ಯಾಮರಿನ ಸುತ್ತ ಸಂದು ಅಗಲವಾಗಿದೆ, ಕಸ ಬೀಳದಂತೆ ನೋಡಿಕೋ, ಹೊಸದಕ್ಕೆ ಈ ತಾಪತ್ರಯವಿಲ್ಲ ಎಂದು ಆತನೇ ಎಚ್ಚರಿಸಿದ್ದ. ನಾನು ತಲೆಯಾಡಿಸಿದ್ದೆ.

ಕಾಡಿನ ಕ್ಯಾಂಪಿಗೆ ಹೊರಡುವ ಹಿಂದಿನ ದಿನ ಆಯುಧಪೂಜೆ. ಕಾರು, ಮಿಕ್ಸಿ, ಮಗಳ ಲ್ಯಾಪ್‌ಟಾಪು ಎಲ್ಲ ಸಾಲಾಗಿ ನಿಂತಿದ್ದವು. ರಿವಾಲ್ವರೂ ಬೇಕೆಂದು ಹೆಂಡತಿ ಹಟ ಹಿಡಿದಳು.

"ಖರೇ ಆಯುಧ ಮನ್ಯಾಗ ಇಟ್ಕೊಂಡು ಮಿಕ್ಸಿಗೆ ಪೂಜಿ ಮಾಡ್ಲೇನ್ರೀ?"

ಗುಂಡಿಲ್ಲದ್ದನ್ನು ಇನ್ನೊಮ್ಮೆ ಖಾತ್ರಿ ಮಾಡಿಕೊಂಡು, ಟ್ರಿಗರಿಗೆ ಬೀಗ ಹಾಕಿ ಮಣೆಯ ಮೇಲಿಟ್ಟು ಪಕ್ಕದಲ್ಲೇ ಕೂತೆ. ಒಂದು ಬೊಟ್ಟು ಕುಂಕುಮ ಸಾಕು ಎಂದಿದ್ದೆ. ಅವಳು ಕಣ್ಣು ಮುಚ್ಚಿ ಏನೋ ಬೇಡಿಕೊಂಡು ಅದರ ಮೇಲೆ ಬೊಗಸೆ ತುಂಬ ಅಕ್ಷತೆ ಸುರಿದಳು. ಬೇಡಿಕೊಂಡದ್ದು ನನ್ನ ಜೀವಕ್ಕೇ ಎಂದು ಗೊತ್ತಿದ್ದವನು ಹೇಗೆ ತಡೆಯಲಿ? ಮರುದಿನ ರಿವಾಲ್ವರಿನ ಮೇಲೆ ಕಂಡದ್ದನ್ನೆಲ್ಲ ಒರೆಸಿ ಪೆಟ್ಟಿಗೆಗೆ ಹಾಕಿ ಹೊರಟೆ.

ಕ್ಯಾಂಪಿನಲ್ಲಿ ಗುಂಡು ತುಂಬುವ ಮೊದಲು ಖಾಲಿ ಟ್ರಿಗರ್ ಎಳೆದು ನೋಡಿದೆ. ಎರಡು ಸಲ ಸಲೀಸಾಗಿ ಬಂತು, ಮೂರನೆಯ ಸಲ ಅರ್ಧಕ್ಕೆ ನಿಂತಿತು. ಊದಿದೆ, ತಟ್ಟಿದೆ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಬಿಚ್ಚಲು ಸಲಕರಣೆಯೂ ಇಲ್ಲ, ಬಿಚ್ಚುವ ವಿದ್ಯೆಯೂ ಇಲ್ಲ. ಹೆಲಿಕಾಪ್ಟರ್ ಬರಲು ಇನ್ನೂ ಹತ್ತು ದಿನ. ಜೊತೆಯವರಿಗೆ ಹೇಳಲು ನಾಚಿಕೆಯಾಗಿ, ಅದನ್ನೇ ಸೊಂಟಕ್ಕೆ ಕಟ್ಟಿಕೊಂಡು ದಿನವೂ ಕಲ್ಲು ಒಡೆಯಲು ಹೋದೆ.

ಆರನೆಯ ದಿನ ಕರಡಿ ಬಂತು. ನನಗೂ ಅದಕ್ಕೂ ಇಪ್ಪತ್ತು ಹೆಜ್ಜೆ. ಕರಡಿಗೆ ಹೊಡೆಯುವ ಸ್ಪ್ರೇ ಚೀಲದಲ್ಲಿತ್ತು, ಚೀಲ ಕರಡಿಯ ಕಾಲ ಹತ್ತಿರವಿತ್ತು. ರಿವಾಲ್ವರ್ ಎತ್ತಿ ಎಳೆದೆ. ಟ್ರಿಗರ್ ಅರ್ಧ ಬಂದು ನಿಂತಿತು. ಮತ್ತೆ ಎಳೆದೆ, ಜಗ್ಗಲಿಲ್ಲ. ಮನೆಗೆ ಯಾರು ಫೋನ್ ಮಾಡುತ್ತಾರೋ ಎಂಬುದೊಂದೇ ತಲೆಯಲ್ಲಿ. ಕರಡಿ ಚೀಲವನ್ನು ಮೂಸಿ, ಮಗುಚಿ, ಬೇಜಾರಾದಂತೆ ಪೊದೆಯೊಳಗೆ ಹೋಯಿತು. ಅದು ಹೋದದ್ದರಲ್ಲಿ ನನ್ನದೇನೂ ಇರಲಿಲ್ಲ.

ವಾಪಸು ಬಂದವನು ರಿವಾಲ್ವರನ್ನು ವುಡ್‌ಬ್ರಿಡ್ಜಿನ ಬಂದೂಕು ರಿಪೇರಿಯವನಲ್ಲಿಗೆ ಒಯ್ದೆ. ಪಕ್ಕದ ತಗಡು ಬಿಚ್ಚಿದಾಗ ಒಳಗಿನಿಂದ ಹಳದಿ ಅಕ್ಕಿಕಾಳೊಂದು ಬಿತ್ತು. ಇದೇನು ಎಂದ. ಅಕ್ಕಿ ಎಂದೆ. ಟ್ರಿಗರಿಗೆ ಅಡ್ಡ ಸಿಕ್ಕಿಕೊಂಡಿದ್ದದ್ದು ಇದೇ ಎಂದು ಅವನು ಕಾಳನ್ನು ನನ್ನ ಅಂಗೈಗೆ ಹಾಕಿದ. ಎಸೆಯಲು ಕೈ ಬರದೆ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

ಬಟ್ಟೆ ಒಗೆಯಲು ಹಾಕುವಾಗ ಅದು ಹೆಂಡತಿಗೆ ಸಿಕ್ಕಿತು. ಕರಡಿ ಬಂದು ಹೋದದ್ದನ್ನಷ್ಟೇ ಅವಳಿಗೆ ಹೇಳಿದ್ದೆ.

"ಇದು ಕಾಡಿನ ತನಕ ನಿಮ್ಮ ಜೋಡಿನ ಬಂದಿತ್ತೇನ್ರೀ?"

"ಬಂದಿತ್ತು."

"ಕರಡಿ ಬಂದಾಗೂ?"

ಹೌದೆಂದೆ. ಅವಳು ಕಾಳನ್ನು ಕಣ್ಣಿಗೆ ಒತ್ತಿಕೊಂಡು ನನ್ನ ತಲೆಯ ಮೇಲಿಟ್ಟಳು. "ಇದ ನೋಡ್ರಿ ನಿಮ್ಮನ್ನ ಕಾಪಾಡೇತಿ" ಎಂದು ಅಳತೊಡಗಿದಳು. ಆ ಕಾಳು ಕೆಳಗೆ ಬೀಳದ ಹಾಗೆ ನಾನು ತಲೆ ಅಲ್ಲಾಡಿಸದೆ ನಿಂತಿದ್ದೆ.